ಸ್ಟಿಯರಿಂಗ್ ಲೂಸ್ ಆಗಿದೆಯಾ? ಟೈ ರಾಡ್ ಎಂಡ್ ಬದಲಿಸುವ ಮುಂಚೆ ಏನೇನು ನೋಡಬೇಕು

ಮುಂದಿನ ಚಕ್ರದ ಕಡೆಯಿಂದ ಟಕ್ ಅಂತ ಸದ್ದು ಬಂದರೆ ಸಾಕು, ಕೇಳಿದವರೆಲ್ಲ 'ಟೈ ರಾಡ್ ಎಂಡ್ ಹೋಗಿದೆ, ಬದಲಿಸಿಬಿಡಿ' ಅನ್ನುತ್ತಾರೆ. ಕೆಲವು ಸಲ ಅದು ನಿಜವೇ. ಆದರೆ ಅದೇ ಸದ್ದು ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸಲಾಕೆಯ ಲಿಂಕ್ ರಾಡ್‌ನಿಂದಲೂ ಬರುತ್ತದೆ, ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಿನ ರಬ್ಬರ್ ತುಂಡಾದ ಲೋವರ್ ಆರ್ಮ್ ಬುಷ್‌ನಿಂದಲೂ ಬರುತ್ತದೆ, ಸರಿಯಾಗಿ ಬಿಗಿ ಮಾಡದ ಚಕ್ರದ ನಟ್‌ನಿಂದಲೂ ಬರುತ್ತದೆ. ಹೊಸ ಪಾರ್ಟ್ ಹಾಕಿದ ಮೇಲೂ ಸದ್ದು ಹಾಗೇ ಇದ್ದರೆ ದುಡ್ಡೂ ದಂಡ, ಸರಿಯಾಗಿದ್ದ ಅಲೈನ್‌ಮೆಂಟೂ ಹಾಳು. ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಅಲ್ಲಾಟ ಎಲ್ಲಿದೆ ಅಂತ ಕಣ್ಣಿಗೆ ಕಾಣುವ ತನಕ, ಕೈಗೆ ಸಿಗುವ ತನಕ ಯಾವ ಪಾರ್ಟನ್ನೂ ಕೊಳ್ಳಬೇಡಿ. ಅದನ್ನು ಹುಡುಕುವುದಕ್ಕೆ ಜ್ಯಾಕ್, ಎತ್ತಿದ ಗಾಡಿಯ ಭಾರ ಹೊರುವ ಆಕ್ಸಲ್ ಸ್ಟ್ಯಾಂಡ್, ಒಂದು ಟಾರ್ಚ್, ಜೊತೆಗೆ ಇನ್ನೊಬ್ಬರು ಇದ್ದರೆ ಸಾಕು.

ಯಾವುದು ಯಾವುದಕ್ಕೆ ಸೇರಿದೆ

ಸ್ಟಿಯರಿಂಗ್ ತಿರುಗಿಸಿದರೆ ಕಾಲಂ ತಿರುಗುತ್ತದೆ. ಅದರ ಕೆಳಗೆ ಕ್ರಾಸ್ ಜಾಯಿಂಟ್ ಇರುವ ಒಂದು ಚಿಕ್ಕ ಶಾಫ್ಟ್, ಅದರ ತುದಿಗೆ ಪಿನಿಯನ್. ಪಿನಿಯನ್ನಿನ ಹಲ್ಲುಗಳು ರ್ಯಾಕ್ ಅನ್ನುವ ಹಲ್ಲಿನ ಸಲಾಕೆಯನ್ನು ಎಡಕ್ಕೆ ಇಲ್ಲವೇ ಬಲಕ್ಕೆ ತಳ್ಳುತ್ತವೆ. ರ್ಯಾಕ್‌ನ ಎರಡೂ ತುದಿಗೆ ಒಂದೊಂದು ಒಳಗಿನ ಬಾಲ್ ಜಾಯಿಂಟ್, ಅಂದರೆ ಗೂಡಿನೊಳಗೆ ಗುಂಡು ತಿರುಗುವ ಕೀಲು, ಇರುತ್ತದೆ. ಇದು ಮಡಿಕೆ ಮಡಿಕೆಯಾದ ರಬ್ಬರ್ ಬೂಟಿನೊಳಗೆ ಅಡಗಿರುವುದರಿಂದ ನೇರವಾಗಿ ಕಾಣುವುದಿಲ್ಲ. ಅಲ್ಲಿಂದ ಹೊರಡುವ ರಾಡಿನ ಇನ್ನೊಂದು ತುದಿಗೆ ಥ್ರೆಡ್ ಹಾಕಿ ಕೂರಿಸಿರುವುದೇ ಟೈ ರಾಡ್ ಎಂಡ್. ಅದರೊಳಗಿನ ಗುಂಡಿಗೆ ಅಂಟಿಕೊಂಡ ಕಡ್ಡಿ, ಅಂದರೆ ಸ್ಟಡ್, ಚಕ್ರವನ್ನು ಹೊತ್ತಿರುವ ನಕಲ್ ಅನ್ನುವ ಭಾಗದ ತೋಳಿನ, ಅಂದರೆ ನಕಲ್ ಆರ್ಮಿನ, ಓರೆ ತೂತಿನಲ್ಲಿ ಕೂತು ನಟ್‌ನಿಂದ ಬಿಗಿಯಾಗಿರುತ್ತದೆ. ಎಂಡ್ ಮತ್ತು ರಾಡ್ ಸೇರುವ ಕಡೆ ಲಾಕ್ ನಟ್ ಇರುತ್ತದೆ.

ಚಕ್ರದ ಟೋ, ಅಂದರೆ ಮೇಲಿನಿಂದ ನೋಡಿದರೆ ಮುಂದಿನ ಚಕ್ರಗಳು ಎಷ್ಟು ಒಳಮುಖ ಅಥವಾ ಹೊರಮುಖವಾಗಿವೆ ಅನ್ನುವುದನ್ನು, ಸೆಟ್ ಮಾಡುವುದು ಇದೇ ಥ್ರೆಡ್ಡಿನಿಂದ. ಎಂಡ್ ಮುಟ್ಟಿದರೆ ಅಲೈನ್‌ಮೆಂಟ್ ಕೂಡ ಮುಟ್ಟಿದ ಹಾಗೆ ಅನ್ನುವುದು ಇದಕ್ಕೇ.

ಇವು ಕಂಡರೆ ಗಾಡಿ ಓಡಿಸಬೇಡಿ

ಸ್ಟಡ್ಡಿನ ಗುಂಡು ತನ್ನ ಗೂಡಿನೊಳಗೆ ಮೇಲೆ ಕೆಳಗೆ ಎಗರುತ್ತಿದ್ದರೆ, ಸ್ಟಡ್ ನಟ್ ಸಡಿಲವಾಗಿದ್ದರೆ ಅಥವಾ ಆ ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಕಾಣೆಯಾಗಿದ್ದರೆ, ರಾಡ್ ಬಾಗಿದ್ದರೆ, ಸ್ಟಿಯರಿಂಗ್ ಮಧ್ಯದಲ್ಲಿ ಎಲ್ಲೋ ಸಿಕ್ಕಿಕೊಂಡು ಬಿಡುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಗ್ಯಾರೇಜಿನ ತನಕ ನಿಧಾನವಾಗಿ ಹೋಗೋಣ ಅನ್ನುವುದೂ ಬೇಡ, ಟೋಯಿಂಗ್ ಗಾಡಿ ಕರೆಸಿ. ಗೂಡಿನಿಂದ ಗುಂಡು ಕಳಚಿದರೆ ಆ ಕಡೆಯ ಚಕ್ರ ಸ್ಟಿಯರಿಂಗ್ ಮಾತು ಕೇಳುವುದಿಲ್ಲ, ತನ್ನ ಪಾಡಿಗೆ ತಿರುಗಿಬಿಡುತ್ತದೆ. ಅದು ಹೆಚ್ಚಾಗಿ ಆಗುವುದು ಜೋರಾಗಿ ತಿರುಗಿಸುವಾಗ, ಇಲ್ಲವೇ ಚಕ್ರ ರಸ್ತೆಯ ಹಳ್ಳಕ್ಕೆ ಇಳಿದಾಗ. ಮುನ್ಸೂಚನೆ ಕೊಟ್ಟೇ ಕಳಚುತ್ತದೆ ಅಂತ ನಂಬಿಕೊಂಡಿರಬೇಡಿ.

ಲಕ್ಷಣ: ಗಾಡಿ ನೇರ ರಸ್ತೆಯಲ್ಲಿ ಅಲೆಯುತ್ತದೆ, ಸ್ಟಿಯರಿಂಗ್‌ನಲ್ಲಿ ಪ್ಲೇ ಇದೆ

ನೇರವಾಗಿ ಹೋಗುವಾಗಲೂ ಆ ಕಡೆ ಈ ಕಡೆ ಸಣ್ಣದಾಗಿ ಸರಿಪಡಿಸುತ್ತಲೇ ಇರಬೇಕು. ಸ್ಟಿಯರಿಂಗ್ ಸ್ವಲ್ಪ ತಿರುಗಿಸಿದರೆ ಏನೂ ಆಗುವುದಿಲ್ಲ, ಇನ್ನೂ ಸ್ವಲ್ಪ ತಿರುಗಿಸಿದ ಮೇಲೆ ಗಾಡಿ ಹೊರಳುತ್ತದೆ. ಟೈ ರಾಡ್ ಎಂಡ್ ಸವೆದಾಗ ಜನ ಮೊದಲು ಗಮನಿಸುವುದು ಇದನ್ನೇ.

ಖರ್ಚಿಲ್ಲದ ಪರೀಕ್ಷೆ ಮೊದಲು. ನಾಲ್ಕೂ ಟೈರಿನ ಗಾಳಿ ನೋಡಿ, ಟೈರ್ ತಣ್ಣಗಿರುವಾಗ. ಗಾಳಿ ಕಡಿಮೆ ಇದ್ದರೂ ಗಾಡಿ ಹೀಗೇ ಅಲೆಯುತ್ತದೆ. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರಿನಲ್ಲಿ ಇರುತ್ತದೆ. ಟೈರಿನ ಮೇಲೆ ಬರೆದಿರುವುದು ಆ ಟೈರ್ ತಡೆಯುವ ಗರಿಷ್ಠ ಒತ್ತಡ, ಅದನ್ನು ತುಂಬಬೇಡಿ. ಆಮೇಲೆ ಚಕ್ರದ ನಟ್‌ಗಳು. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ ಇದನ್ನು ಬಿಡಲೇಬೇಡಿ.

ಈಗ ಪ್ಲೇ ಅಳೆಯಿರಿ. ಚಕ್ರಗಳು ನೇರ ಇರಲಿ. ಪವರ್ ಸ್ಟಿಯರಿಂಗ್ ಇದ್ದರೆ ಎಂಜಿನ್ ಆನ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿ, ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಕಿಟಕಿಯಿಂದ ಕೈ ಹಾಕಿ, ಮುಂದಿನ ಚಕ್ರವನ್ನೇ ನೋಡುತ್ತಾ ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸಿ. ಚಕ್ರ ಅಲುಗುವ ಮುಂಚೆ ಸ್ಟಿಯರಿಂಗಿನ ಅಂಚು ಎಷ್ಟು ಸರಿಯಿತು? ಹಲವು ಕಾರುಗಳಲ್ಲಿ ಇದಕ್ಕೆ 30 ಮಿ.ಮೀ. ಮಿತಿ ಇದೆ. ನನ್ನ ಪ್ರಕಾರ ಅಂಕಿಗಿಂತ ಬದಲಾವಣೆಯೇ ಮುಖ್ಯ. ಹೋದ ವರ್ಷ ಇಲ್ಲದ ಪ್ಲೇ ಈಗ ಬಂದಿದ್ದರೆ ಮಿತಿಯೊಳಗಿದ್ದರೂ ಹುಡುಕಬೇಕು.

ಇನ್ನು ಮುಂದಿನದು ನಿಜವಾದ ಪರೀಕ್ಷೆ. ಚಕ್ರಗಳು ನೆಲದ ಮೇಲೇ ಇರಬೇಕು, ಏಕೆಂದರೆ ಗಾಡಿಯ ಭಾರ ಟೈರನ್ನು ಹಿಡಿದಿಟ್ಟಾಗಲೇ ಜಾಯಿಂಟುಗಳ ಮೇಲೆ ಒತ್ತಡ ಬೀಳುತ್ತದೆ. ಒಬ್ಬರು ಒಳಗೆ ಕೂತು ಸ್ಟಿಯರಿಂಗನ್ನು ಅಂಗೈ ಅಗಲದಷ್ಟೇ, ಆದರೆ ಬೇಗ ಬೇಗ ಎಡ ಬಲ ಆಡಿಸಲಿ. ನೀವು ಮುಂದಿನ ಚಕ್ರದ ಪಕ್ಕ ಮಂಡಿಯೂರಿ ಟಾರ್ಚ್ ಹಿಡಿದು ಚಕ್ರದ ಹಿಂದೆ ನೋಡಿ. ಕಾರಿನ ಅಡಿಗೆ ಹೋಗಬೇಡಿ. ಸಡಿಲ ತೋಳಿನ ಬಟ್ಟೆ ಬೇಡ. ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಬೆರಳು ಇಡಬೇಡಿ.

ಟೈ ರಾಡ್ ಎಂಡ್ ಚೆನ್ನಾಗಿದ್ದರೆ ರಾಡ್, ಎಂಡ್, ನಕಲ್ ಆರ್ಮ್ ಮೂರೂ ಒಟ್ಟಿಗೆ, ಒಂದೇ ತುಂಡಿನಂತೆ ಚಲಿಸುತ್ತವೆ. ಸವೆದಿದ್ದರೆ ಎಂಡ್‌ನ ದೇಹ ಮೊದಲು ಒಂದೆರಡು ಮಿಲಿಮೀಟರ್ ಸರಿಯುತ್ತದೆ, ಆಗ ಸ್ಟಡ್ ಅಲ್ಲೇ ನಿಂತಿರುತ್ತದೆ. ಆಮೇಲೆ ಟಕ್ ಅಂತ ಗುಂಡು ಗೂಡಿಗೆ ತಾಗಿ ಆರ್ಮ್ ಹೊರಡುತ್ತದೆ. ಈ ತಡ ರಬ್ಬರ್ ಬೂಟಿನಲ್ಲಿ ಚೆನ್ನಾಗಿ ಕಾಣುತ್ತದೆ: ಬೂಟ್ ಒಂದು ಪಕ್ಕಕ್ಕೆ ಸುಕ್ಕುಗಟ್ಟಿ ಮತ್ತೆ ಇನ್ನೊಂದು ಪಕ್ಕಕ್ಕೆ ಸುಕ್ಕುಗಟ್ಟುತ್ತದೆ. ಕಣ್ಣಿಗೆ ಅನುಮಾನ ಬಂದರೆ ಎರಡು ಬೆರಳನ್ನು ಎಂಡ್‌ನ ದೇಹಕ್ಕೂ ಆರ್ಮಿಗೂ ಒಟ್ಟಿಗೆ ತಾಗುವಂತೆ ಇಡಿ. ಅರ್ಧ ಮಿಲಿಮೀಟರ್ ಜಾರಿದರೂ ಬೆರಳಿಗೆ ಗೊತ್ತಾಗುತ್ತದೆ. ಚಕ್ರ ನೇರ ಇರುವಾಗಲೇ ಇದನ್ನು ಮಾಡಿ. ಗಾಡಿ ಜಾಸ್ತಿ ಓಡುವುದು ನೇರವಾಗಿಯೇ, ಹಾಗಾಗಿ ಗುಂಡು ಸವೆಯುವುದೂ ಆ ಜಾಗದಲ್ಲೇ ಜಾಸ್ತಿ.

ಹೊರಗಿನ ಎಂಡ್ ಗಟ್ಟಿ ಇದ್ದರೆ ರ್ಯಾಕ್ ಬೂಟನ್ನು ಅಂಗೈಯಲ್ಲಿ ಒತ್ತಿ ಹಿಡಿಯಿರಿ, ಒಳಗಿನ ಜಾಯಿಂಟ್ ಕೈಗೆ ಸಿಗುತ್ತದೆ. ಸ್ಟಿಯರಿಂಗ್ ಆಡಿಸುವಾಗ ಅಲ್ಲಿ ಟಕ್ ಅನ್ನಿಸಿದರೆ ದೋಷ ಒಳಗಿನದು. ಬೂಟ್ ಹರಿದು ಒಳಗೆ ನೀರು, ತುಕ್ಕು ಕಂಡರೂ ಅನುಮಾನ ಅದರ ಮೇಲೆಯೇ. ಹೈಡ್ರಾಲಿಕ್ ಸ್ಟಿಯರಿಂಗ್ ಇರುವ ಕಾರಿನ ಬೂಟಿನಲ್ಲಿ ಎಣ್ಣೆ ತುಂಬಿಕೊಂಡಿದ್ದರೆ ರ್ಯಾಕ್‌ನ ಸೀಲ್ ಸೋರುತ್ತಿದೆ, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಎಲ್ಲ ಜಾಯಿಂಟುಗಳೂ ಗಟ್ಟಿಯಾಗಿದ್ದು ಸ್ಟಿಯರಿಂಗ್ ಮಾತ್ರ ಲೂಸ್ ಇದ್ದರೆ? ಡ್ರೈವರಿನ ಕಾಲಿನ ಹತ್ತಿರ ಬಗ್ಗಿ ನೋಡಿ. ಕಾಲಂ ಕೆಳಗಿನ ಚಿಕ್ಕ ಶಾಫ್ಟಿನ ಕ್ರಾಸ್ ಜಾಯಿಂಟ್ ಸವೆದರೆ ಮೇಲಿನ ತುಂಡು ತಿರುಗಿದ ಮೇಲೆ ಕೆಳಗಿನದು ತಿರುಗುತ್ತದೆ. ಅದನ್ನು ನೀವೇ ಬಿಚ್ಚಬೇಡಿ. ಶಾಫ್ಟ್ ಕಳಚಿದ ಮೇಲೆ ಸ್ಟಿಯರಿಂಗ್ ತಿರುಗಿಬಿಟ್ಟರೆ ಏರ್‌ಬ್ಯಾಗಿನ ವೈರ್ ಇರುವ ಸುರುಳಿ ತುಂಡಾಗಬಹುದು.

ಜ್ಯಾಕ್ ಮೇಲೆ ಮಾಡುವ ಪರೀಕ್ಷೆ

ಸಮತಟ್ಟಾದ ಗಟ್ಟಿ ನೆಲ. ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲು, ಗಾಡಿ ಮೊದಲನೇ ಗೇರಿನಲ್ಲಿ. ಒಂದು ಮುಂದಿನ ಚಕ್ರ ನೆಲ ಬಿಡುವಷ್ಟು ಎತ್ತಿ, ಆಕ್ಸಲ್ ಸ್ಟ್ಯಾಂಡ್ ಕೊಟ್ಟು ಅದರ ಮೇಲೆ ಭಾರ ಇಳಿಸಿ. ಕಾರಿನ ಜೊತೆ ಬರುವ ಜ್ಯಾಕ್ ಚಕ್ರ ಬದಲಿಸುವುದಕ್ಕೆ ಮಾತ್ರ. ಅದನ್ನೇ ನಂಬಿ ಕೆಲಸ ಮಾಡಬೇಡಿ.

ಚಕ್ರವನ್ನು ಗಡಿಯಾರದ 9 ಮತ್ತು 3 ಗಂಟೆಯ ಜಾಗದಲ್ಲಿ ಹಿಡಿದು ಜಗ್ಗಿ, ತಳ್ಳಿ. ಚಕ್ರ ಸ್ವಲ್ಪ ಸರಾಗವಾಗಿ ತಿರುಗಲು ನೋಡುವುದು ಸಹಜ, ರ್ಯಾಕ್ ಜೊತೆಗೆ ಚಲಿಸುತ್ತದಲ್ಲ. ಅದಕ್ಕೂ ಮುಂಚೆ ಬರುವ ಚಿಕ್ಕ ಟಕ್ ಇದ್ದರೆ ಅದನ್ನು ಹಿಡಿಯಬೇಕು. ಆಮೇಲೆ 12 ಮತ್ತು 6 ಗಂಟೆಯ ಜಾಗದಲ್ಲಿ ಹಾಗೇ ಮಾಡಿ. 9-3ರಲ್ಲಿ ಅಲ್ಲಾಟ ಇದ್ದು 12-6ರಲ್ಲಿ ಇಲ್ಲದಿದ್ದರೆ ಟೈ ರಾಡ್, ಒಳಗಿನದೋ ಹೊರಗಿನದೋ. ಎರಡರಲ್ಲೂ ಇದ್ದರೆ ಹೆಚ್ಚಾಗಿ ವೀಲ್ ಬೇರಿಂಗ್. 12-6ರಲ್ಲಿ ಮಾತ್ರ ಇದ್ದರೆ ಕೆಳಗಿನ ಬಾಲ್ ಜಾಯಿಂಟನ್ನು ನೋಡಿ.

ಬೇರಿಂಗ್ ಹೌದೋ ಅಲ್ಲವೋ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಒಳಗಿರುವವರಿಗೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ ಮತ್ತೆ ಚಕ್ರ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಡಿಸ್ಕ್ ಮತ್ತು ನಕಲ್ ಒಂದಾಗಿಬಿಡುತ್ತವೆ, ಬೇರಿಂಗಿನ ಅಲ್ಲಾಟ ಮಾಯವಾಗುತ್ತದೆ. ಬ್ರೇಕ್ ಒತ್ತಿದರೂ ಅಲ್ಲಾಟ ಹಾಗೇ ಇದ್ದರೆ ದೋಷ ಜಾಯಿಂಟಿನದು.

ಲಕ್ಷಣ: ಹಳ್ಳದಲ್ಲಿ, ತಿರುವಿನಲ್ಲಿ ಟಕ್ ಟಕ್

ಇಲ್ಲಿ ಸದ್ದು ಯಾವಾಗ ಬರುತ್ತದೆ ಅನ್ನುವುದೇ ಅರ್ಧ ಉತ್ತರ.

ಸ್ಟಿಯರಿಂಗ್ ಮುಟ್ಟದೆ, ನಿಧಾನವಾಗಿ ಒರಟು ರಸ್ತೆಯಲ್ಲಿ ಹೋಗುವಾಗ ಸಣ್ಣ ಸಣ್ಣ ಗಡಗಡ ಬಂದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ಟೈ ರಾಡ್ ಎಂಡ್ ಅಂತ ತಪ್ಪಾಗಿ ಬದಲಿಸುವುದು ಹೆಚ್ಚಾಗಿ ಇಂಥ ಸದ್ದಿಗೇ. ಲಿಂಕ್ ರಾಡನ್ನು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಅಲ್ಲಾಡಿಸಿ ನೋಡಿ. ಅದರಿಂದ ಸ್ಟಿಯರಿಂಗಿನಲ್ಲಿ ಪ್ಲೇ ಬರುವುದಿಲ್ಲ, ಟೈರೂ ಸವೆಯುವುದಿಲ್ಲ, ಸದ್ದು ಮಾತ್ರ.

ಬ್ರೇಕ್ ಹಿಡಿದಾಗ ಒಂದು ಸಲ, ಬಿಟ್ಟಾಗ ಒಂದು ಸಲ ಧಡ್ ಅಂದರೆ ಲೋವರ್ ಆರ್ಮ್ ಬುಷ್. ಗಾಡಿ ನಿಂತಿರುವಾಗ ಸ್ಟಿಯರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಬಿಗಿದು ಟಣ್ ಅಂತ ಬಿಡುವ ಸದ್ದು ಬಂದರೆ ಸ್ಟ್ರಟ್ (ಮುಂದಿನ ಸ್ಪ್ರಿಂಗ್, ಶಾಕ್ ಇರುವ ಕಂಬ) ಮೇಲಿನ ಬೇರಿಂಗ್. ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಕಟಕಟಕಟ ಅಂತ ಸಾಲಾಗಿ ಬಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಟೈ ರಾಡ್ ಎಂಡ್‌ನ ಸದ್ದು ಸ್ಟಿಯರಿಂಗ್ ದಿಕ್ಕು ಬದಲಾಗುವಾಗ ಬರುತ್ತದೆ, ಎಡದಿಂದ ಬಲಕ್ಕೆ ಹೊರಳಿಸಿದ ಕ್ಷಣಕ್ಕೆ ಒಂದು ಟಕ್. ಎಷ್ಟೋ ಸಲ ಅದು ಕಿವಿಗಿಂತ ಮೊದಲು ಸ್ಟಿಯರಿಂಗ್ ಹಿಡಿದ ಅಂಗೈಗೆ ಗೊತ್ತಾಗುತ್ತದೆ.

ಲಕ್ಷಣ: ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತಿದೆ

ಗಾಡಿ ನಿಲ್ಲಿಸಿ ಟೈರಿನ ಮೇಲ್ಮೈ ಮೇಲೆ ಅಂಗೈಯನ್ನು ಅಡ್ಡಡ್ಡವಾಗಿ, ಹೊರಗಿನಿಂದ ಒಳಗೆ, ಆಮೇಲೆ ಒಳಗಿನಿಂದ ಹೊರಗೆ ಸವರಿ. ಟೈರಿನಲ್ಲಿ ತಂತಿ ಹೊರಬಂದಿಲ್ಲ ಅಂತ ನೋಡಿಕೊಂಡು ಸವರಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ ಕೆಟ್ಟಿದೆ. ಚಕ್ರ ನೇರವಾಗಿ ಉರುಳದೆ ಸ್ವಲ್ಪ ಅಡ್ಡ ಉಜ್ಜುತ್ತಾ ಹೋಗುತ್ತಿದೆ ಅಂತ ಅರ್ಥ. ಮುಂದಿನ ಎರಡೂ ಟೈರ್‌ಗಳ ಹೊರ ಅಂಚು ಸವೆದಿದ್ದರೆ ಚಕ್ರಗಳು ಮುಂದೆ ಒಳಮುಖವಾಗಿವೆ, ಒಳ ಅಂಚು ಸವೆದಿದ್ದರೆ ಹೊರಮುಖವಾಗಿವೆ. ಒಳ ಅಂಚು ಮೇಲಿನಿಂದ ಕಾಣುವುದಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹಿಂದಿನಿಂದ ನೋಡಿ.

ಬರೀ ಅಲೈನ್‌ಮೆಂಟ್ ಮಾಡಿಸಿದರೆ ಸಾಕಲ್ವಾ ಅಂತ ಕೇಳಬಹುದು. ಜಾಯಿಂಟ್ ಗಟ್ಟಿ ಇದ್ದರೆ ಸಾಕು. ಸವೆದ ಜಾಯಿಂಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಮೆಷಿನ್ ಮೇಲೆ ಅಂಕಿ ಸರಿ ಬರುತ್ತದೆ, ರಸ್ತೆಗೆ ಇಳಿದ ಕೂಡಲೇ ಚಕ್ರ ಮತ್ತೆ ತನಗೆ ಬೇಕಾದ ಕಡೆ ವಾಲುತ್ತದೆ. ಮೊದಲು ಪ್ಲೇ ಹುಡುಕಿ, ಆಮೇಲೆ ಅಲೈನ್‌ಮೆಂಟ್.

ಎರಡೂ ಅಂಚು ಸವೆದು ಮಧ್ಯ ಚೆನ್ನಾಗಿದ್ದರೆ ಗಾಳಿ ಕಡಿಮೆ ಇಟ್ಟುಕೊಂಡು ಓಡಿಸಿದ್ದೀರಿ, ಮಧ್ಯ ಮಾತ್ರ ಸವೆದಿದ್ದರೆ ಜಾಸ್ತಿ. ಅದಕ್ಕೂ ಸ್ಟಿಯರಿಂಗಿಗೂ ಸಂಬಂಧ ಇಲ್ಲ.

ಲಕ್ಷಣ: ಒಂದು ಕಡೆಗೆ ಎಳೆಯುತ್ತದೆ, ಇಲ್ಲವೇ ಸ್ಟಿಯರಿಂಗ್ ಸೊಟ್ಟ ನಿಲ್ಲುತ್ತದೆ

ಇವೆರಡೂ ಬೇರೆ ಬೇರೆ. ಕೈ ಸಡಿಲಿಸಿದರೆ ಗಾಡಿ ಪಕ್ಕಕ್ಕೆ ಹೋಗುವುದು ಎಳೆತ. ಗಾಡಿ ನೇರ ಹೋಗುತ್ತಿದ್ದರೂ ಸ್ಟಿಯರಿಂಗ್ ಮಾತ್ರ ಓರೆ ಇರುವುದು ಇನ್ನೊಂದು.

ಎಳೆತಕ್ಕೆ ಮೊದಲು ಗಾಳಿ. ಆಮೇಲೆ ಸ್ವಲ್ಪ ದೂರ ಓಡಿಸಿ, ಬ್ರೇಕ್ ಕಡಿಮೆ ಬಳಸಿ ನಿಲ್ಲಿಸಿ, ಎರಡೂ ಮುಂದಿನ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ, ಡಿಸ್ಕ್ ಮುಟ್ಟಬೇಡಿ. ಒಂದು ಕಡೆ ಮಾತ್ರ ಕಾವು ಹೊಡೆದರೆ ಆ ಕಡೆಯ ಬ್ರೇಕ್ ಬಿಡುತ್ತಿಲ್ಲ. ಅದೂ ಅಲ್ಲದಿದ್ದರೆ ಮುಂದಿನ ಎರಡು ಚಕ್ರಗಳನ್ನು ಅದಲು ಬದಲು ಮಾಡಿ. ತಿರುಗುವ ದಿಕ್ಕಿನ ಬಾಣದ ಗುರುತು ಇರುವ ಟೈರ್ ಆದರೆ ಹಾಗೆ ಮಾಡುವ ಹಾಗಿಲ್ಲ. ಎಳೆತ ಇನ್ನೊಂದು ಕಡೆಗೆ ಬದಲಾದರೆ ದೋಷ ಟೈರಿನದೇ.

ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಸೊಟ್ಟ ಆಗಿದ್ದರೆ ನೆನಪು ಮಾಡಿಕೊಳ್ಳಿ, ಇತ್ತೀಚೆಗೆ ಚಕ್ರ ಯಾವುದಾದರೂ ಕಲ್ಲಿಗೋ ಆಳದ ಗುಂಡಿಗೋ ಜೋರಾಗಿ ಹೊಡೆಯಿತಾ? ಹಾಗಿದ್ದರೆ ಎರಡೂ ಕಡೆಯ ಟೈ ರಾಡ್‌ಗಳನ್ನು ಹೋಲಿಸಿ ನೋಡಿ. ಬಾಗಿದ್ದು ಕಂಡರೆ ನೇರ ಮಾಡಿ ಮತ್ತೆ ಹಾಕುವ ಯೋಚನೆ ಬೇಡ. ಬಾಗಿಸಿ ನೇರ ಮಾಡಿದ ಉಕ್ಕು ಯಾವಾಗ ಮುರಿಯುತ್ತದೆ ಅಂತ ಹೇಳಲಾಗದು.

ಲಕ್ಷಣ: ಸ್ಟಿಯರಿಂಗ್ ನಡುಗುತ್ತದೆ, ಅಥವಾ ಭಾರವಾಗಿದೆ

ಒಂದು ವೇಗದಲ್ಲಿ ಶುರುವಾಗಿ, ಇನ್ನೂ ಜೋರಾದರೆ ಕಡಿಮೆಯಾಗುವ ನಡುಕ ಸಾಮಾನ್ಯವಾಗಿ ವೀಲ್ ಬ್ಯಾಲೆನ್ಸ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್. ಸವೆದ ಟೈ ರಾಡ್ ಎಂಡ್ ಈ ನಡುಕವನ್ನು ದೊಡ್ಡದು ಮಾಡುತ್ತದೆ, ಆದರೆ ಅದೊಂದರಿಂದಲೇ ನಡುಕ ಹುಟ್ಟುವುದು ಕಡಿಮೆ.

ಸ್ಟಿಯರಿಂಗ್ ಭಾರವಾಗಿದ್ದರೆ ನೋಡಬೇಕಾದ್ದು ಟೈರಿನ ಗಾಳಿ, ಹೈಡ್ರಾಲಿಕ್ ಆದರೆ ಎಣ್ಣೆಯ ಮಟ್ಟ ಮತ್ತು ಬೆಲ್ಟ್, ಎಲೆಕ್ಟ್ರಿಕ್ ಆದರೆ ಡ್ಯಾಶ್‌ಬೋರ್ಡಿನ ಸ್ಟಿಯರಿಂಗ್ ಲೈಟ್ ಮತ್ತು ಬ್ಯಾಟರಿ. ಲೈಟ್ ಹತ್ತಿದ್ದರೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ.

ಹೊರಗಿನ ಎಂಡ್ ಅಂತ ಖಚಿತವಾದ ಮೇಲೆ

ಹೊರಗಿನ ಟೈ ರಾಡ್ ಎಂಡ್ ಬದಲಿಸುವುದು ಮನೆಯಲ್ಲಿ ಆಗುವ ಕೆಲಸ. ಒಳಗಿನ ಜಾಯಿಂಟಿಗೆ ಬೇರೆ ಟೂಲ್ ಬೇಕು, ಬೂಟ್ ಕ್ಲಿಪ್ ಬಿಚ್ಚಿ ಹಾಕಬೇಕು, ಹಾಗಾಗಿ ಅಭ್ಯಾಸ ಇಲ್ಲದವರು ಗ್ಯಾರೇಜಿಗೆ ಕೊಡುವುದು ಲೇಸು. ಶುರು ಮಾಡುವ ಮುಂಚೆ ಹೊಸ ಎಂಡ್, ಹೊಸ ನಟ್, ಹೊಸ ಸ್ಪ್ಲಿಟ್ ಪಿನ್, ಬಾಲ್ ಜಾಯಿಂಟ್ ಪುಲ್ಲರ್ (ಸ್ಟಡ್ಡನ್ನು ತೂತಿನಿಂದ ಬಿಡಿಸುವ ಟೂಲ್), ಟಾರ್ಕ್ ರೆಂಚ್ (ಟಾರ್ಕ್, ಅಂದರೆ ತಿರುಗಿಸುವ ಬಲ, ಅಳೆದು ಬಿಗಿ ಮಾಡುವ ಸ್ಪ್ಯಾನರ್) ಕೈಯಲ್ಲಿರಲಿ. ಟಾರ್ಕ್ ಎಷ್ಟು ಅನ್ನುವುದು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ಇರಬೇಕು. ಇನ್ನೊಂದು ಮಾಡೆಲಿನ ಅಂಕಿ ನಡೆಯುವುದಿಲ್ಲ.

ಚಕ್ರದ ನಟ್‌ಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿ, ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು ಚಕ್ರ ತೆಗೆಯಿರಿ. ತೆಗೆದ ಚಕ್ರವನ್ನು ಕಾರಿನ ಅಂಚಿನಡಿಗೆ ತಳ್ಳಿಡಿ, ಸ್ಟ್ಯಾಂಡ್ ಜಾರಿದರೂ ಅದು ತಡೆಯುತ್ತದೆ. ಥ್ರೆಡ್‌ಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಸ್ವಲ್ಪ ಹೊತ್ತು ಬಿಡಿ.

ಈಗ ಅಳತೆ. ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ್ದು ಇಲ್ಲೇ, ಉಳಿದದ್ದೆಲ್ಲ ನಟ್ ಬಿಚ್ಚಿ ಹಾಕುವುದಷ್ಟೇ. ರಾಡಿನ ಮೇಲೆ ಪೇಂಟಿನಿಂದ ಒಂದು ಗುರುತು ಹಾಕಿ. ಅಲ್ಲಿಂದ ಸ್ಟಡ್ಡಿನ ನಡುಮಧ್ಯದ ತನಕ ಅಳೆದು ಬರೆದಿಟ್ಟುಕೊಳ್ಳಿ. ಥ್ರೆಡ್ ಎಷ್ಟು ಕಾಣುತ್ತಿದೆ ಅಂತ ಫೋಟೊ ತೆಗೆಯಿರಿ. ಬಿಚ್ಚುವಾಗ ಎಷ್ಟು ಸುತ್ತು ಬಂತು ಅಂತಲೂ ಎಣಿಸಿ, ಆದರೆ ಅದೊಂದನ್ನೇ ನಂಬಬೇಡಿ. ಹೊಸ ಎಂಡ್‌ನ ಉದ್ದ ಹಳೆಯದಕ್ಕಿಂತ ಕೂದಲೆಳೆ ಬೇರೆ ಇದ್ದರೂ ಸುತ್ತಿನ ಲೆಕ್ಕ ತಪ್ಪುತ್ತದೆ, ಸ್ಟಡ್ ಮಧ್ಯದ ಅಳತೆ ತಪ್ಪುವುದಿಲ್ಲ.

ಇಷ್ಟೊಂದು ಯಾಕೆ ಅಂದರೆ, ಲೆಕ್ಕ ನೋಡಿ. ಥ್ರೆಡ್ ಒಂದು ಸುತ್ತಿಗೆ 1.5 ಮಿ.ಮೀ. ಸರಿಯುತ್ತದೆ, ನಕಲ್ ಆರ್ಮ್ 130 ಮಿ.ಮೀ. ಉದ್ದ ಇದೆ ಅಂತ ಇಟ್ಟುಕೊಳ್ಳಿ. ಒಂದೇ ಸುತ್ತು ತಪ್ಪಿದರೆ ಚಕ್ರ ಸುಮಾರು 0.66 ಡಿಗ್ರಿ ತಿರುಗುತ್ತದೆ. 380 ಮಿ.ಮೀ. ವ್ಯಾಸದ ರಿಮ್ಮಿನಲ್ಲಿ ಅದು 4 ಮಿ.ಮೀ.ಗೂ ಜಾಸ್ತಿ ಟೋ ವ್ಯತ್ಯಾಸ. ಅಷ್ಟರಲ್ಲಿ ಓಡಿಸಿದರೆ ಹೊಸ ಟೈರಿನ ಅಂಚು ಬೇಗ ಹಾಳಾಗುತ್ತದೆ.

ಅಳತೆ ಆದ ಮೇಲೆ ಲಾಕ್ ನಟ್ಟನ್ನು ಕಾಲು ಸುತ್ತು ಸಡಿಲಿಸಿ. ಎಂಡ್ ಇನ್ನೂ ನಕಲ್‌ಗೆ ಬಿಗಿದಿರುವಾಗಲೇ ಇದನ್ನು ಮಾಡಿದರೆ ಸುಲಭ, ಹಿಡಿತ ಸಿಗುತ್ತದೆ. ರಾಡಿನ ಮೇಲೆ ಚಪ್ಪಟೆ ಜಾಗ ಇದ್ದರೆ ಇನ್ನೊಂದು ಸ್ಪ್ಯಾನರಿನಿಂದ ಅದನ್ನು ಹಿಡಿಯಿರಿ. ಇಲ್ಲದಿದ್ದರೆ ರಾಡೇ ತಿರುಗಿ ರ್ಯಾಕ್ ಬೂಟ್ ಹಿಂಡಿದ ಬಟ್ಟೆಯಂತಾಗುತ್ತದೆ. ಆಮೇಲೆ ಸ್ಪ್ಲಿಟ್ ಪಿನ್ ತೆಗೆದು ಸ್ಟಡ್ ನಟ್ಟನ್ನು ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಒಂದೆರಡು ಥ್ರೆಡ್ ಹಿಡಿದಿರಲಿ, ಎಂಡ್ ಎಗರಿ ಮುಖಕ್ಕೆ ಬರುವುದಿಲ್ಲ. ಪುಲ್ಲರ್ ಹಾಕಿ ಸ್ಟಡ್ ಬಿಡಿಸಿ, ಆಮೇಲೆ ನಟ್ ತೆಗೆದು ಎಂಡನ್ನು ರಾಡಿನಿಂದ ತಿರುಗಿಸಿ ಬಿಚ್ಚಿ.

ಕೆಲಸದ ನಡುವೆ ಕೈಕೊಡುವ ಮೂರು ಕಡೆ

ನಟ್ ಜೊತೆ ಸ್ಟಡ್ಡೂ ಸುತ್ತುತ್ತಿದೆ. ಓರೆ ತೂತಿನಲ್ಲಿ ಸ್ಟಡ್ ಸಡಿಲವಾಗಿದೆ ಅಂತ ಅರ್ಥ. ಸ್ಟಡ್ಡಿನ ತುದಿಯಲ್ಲಿ ಅಲನ್ ಕೀ ಹಾಕುವ ತೂತು ಇದ್ದರೆ ಅದರಿಂದ ಹಿಡಿಯಿರಿ. ಇಲ್ಲದಿದ್ದರೆ ಸಲಾಕೆಯಿಂದ ಎಂಡ್‌ನ ದೇಹವನ್ನು ತೂತಿನ ಕಡೆಗೆ ಒತ್ತಿ ಹಿಡಿದರೆ ಸ್ಟಡ್ ಬಿಗಿದುಕೊಳ್ಳುತ್ತದೆ, ನಟ್ ಬರುತ್ತದೆ.

ನಟ್ ಸಡಿಲವಾಗಿದೆ, ಸ್ಟಡ್ ಮಾತ್ರ ತೂತು ಬಿಡುತ್ತಿಲ್ಲ. ಇದು ಸಾಮಾನ್ಯ. ಓರೆಯಾಗಿ ಕೂತದ್ದು ವರ್ಷಗಟ್ಟಲೆ ಒತ್ತಿಕೊಂಡಿರುತ್ತದೆ. ಪುಲ್ಲರ್ ಹಾಕಿ ಬಿಗಿ ಮಾಡಿ, ಸ್ವಲ್ಪ ಹೊತ್ತು ಬಿಡಿ, ಮತ್ತೆ ಇನ್ನೊಂದು ಚೂರು ಬಿಗಿ ಮಾಡಿ. ಬಿಟ್ಟಾಗ ಢಂ ಅಂತ ಗುಂಡು ಹಾರಿಸಿದಷ್ಟು ಸದ್ದು ಬರುತ್ತದೆ, ಹೆದರಬೇಡಿ, ಆದರೆ ಮುಖ ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಪುಲ್ಲರ್ ಬಿಗಿಯಾಗಿದ್ದಾಗ ನಕಲ್ ಆರ್ಮಿನ ತೂತಿನ ಪಕ್ಕಕ್ಕೆ ಸುತ್ತಿಗೆಯಿಂದ ಒಂದೆರಡು ಏಟು ಕೊಟ್ಟರೂ ಬಿಡುತ್ತದೆ. ಸ್ಟಡ್ಡಿನ ಥ್ರೆಡ್ ಮೇಲೆ ಹೊಡೆಯಬೇಡಿ. ಗ್ಯಾಸ್ ಬೆಂಕಿ ಬೇಡವೇ ಬೇಡ. ಒಳಗೆ ಮುಚ್ಚಿಟ್ಟ ಗ್ರೀಸ್ ಬಿಸಿಯಾಗಿ ಸಿಡಿಯಬಹುದು, ಪಕ್ಕದಲ್ಲೇ ಬ್ರೇಕ್ ಪೈಪೂ ಇದೆ.

ಲಾಕ್ ನಟ್ ಅಲುಗುತ್ತಲೇ ಇಲ್ಲ. ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಮಾರನೇ ದಿನವೂ ಬಾರದೆ ನಟ್ಟಿನ ಮೂಲೆಗಳು ದುಂಡಗಾಗಲು ಶುರುವಾದರೆ ನಿಲ್ಲಿಸಿ. ಸ್ಟಡ್ಡನ್ನು ಇನ್ನೂ ಬಿಚ್ಚಿಲ್ಲದಿದ್ದರೆ ಗಾಡಿ ಇದ್ದ ಹಾಗೇ ಇದೆ, ಚಕ್ರ ಹಾಕಿ ಮೆಕ್ಯಾನಿಕ್ ಕರೆಸಿ. ಲಾಕ್ ನಟ್ಟನ್ನು ಮೊದಲು ಸಡಿಲಿಸಿ ಅಂದದ್ದಕ್ಕೆ ಇದೂ ಒಂದು ಕಾರಣ.

ಹೊಸದನ್ನು ಕೂರಿಸುವುದು

ಹಳೆಯದು ಮತ್ತು ಹೊಸದನ್ನು ಪಕ್ಕಪಕ್ಕ ಇಟ್ಟು ನೋಡಿ: ಉದ್ದ, ಬಾಗು, ಥ್ರೆಡ್, ಸ್ಟಡ್ಡಿನ ದಪ್ಪ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಎಂಡ್ ಇರುವ ಕಾರುಗಳಿವೆ. ತೂತಿನ ಒಳಗೆ, ಸ್ಟಡ್ಡಿನ ಓರೆ ಭಾಗದ ಮೇಲೆ ಎಣ್ಣೆ, ಗ್ರೀಸ್ ಏನೂ ಇರಬಾರದು. ಎರಡು ಲೋಹ ಒಣಗಿ ಒತ್ತಿಕೊಂಡಾಗಲೇ ಅದು ಹಿಡಿಯುವುದು. ರಾಡಿನ ಥ್ರೆಡ್ಡಿಗೆ ಮಾತ್ರ ಒಂಚೂರು ಗ್ರೀಸ್ ಸವರಿ, ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ಬೈಯುವುದಿಲ್ಲ.

ಬರೆದಿಟ್ಟ ಅಳತೆ ಬರುವ ತನಕ ಎಂಡ್ ತಿರುಗಿಸಿ ಹಾಕಿ, ಸ್ಟಡ್ಡನ್ನು ತೂತಿಗೆ ಕೂರಿಸಿ, ನಟ್ಟನ್ನು ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಕಿರೀಟದಂಥ ನಟ್ ಆದರೆ ಪಿನ್ನಿನ ತೂತು ಸರಿಹೊಂದುವ ತನಕ ಇನ್ನೂ ಸ್ವಲ್ಪ ಮುಂದಕ್ಕೆ ಬಿಗಿ ಮಾಡಬೇಕು, ಹಿಂದಕ್ಕೆ ಸಡಿಲಿಸಬಾರದು. ಹಳೇ ಪಿನ್ ನೆಟ್ಟಗೆ ಮಾಡಿ ಹಾಕಬೇಡಿ. ಒಳಗೆ ನೈಲಾನ್ ಇರುವ ನಟ್ ಆದರೆ ಪ್ರತಿ ಸಲ ಹೊಸದೇ. ಆಮೇಲೆ ಲಾಕ್ ನಟ್, ರಾಡನ್ನು ಹಿಡಿದುಕೊಂಡು. ಎಂಡ್‌ನ ಬಾಲ್ ಒಂದು ಪಕ್ಕಕ್ಕೆ ವಾಲಿ ನಿಲ್ಲದೆ ನಡುವಿನಲ್ಲಿರಲಿ. ರ್ಯಾಕ್ ಬೂಟ್ ತಿರುಚಿಕೊಂಡಿದೆಯಾ ನೋಡಿ. ಗ್ರೀಸ್ ನಿಪ್ಪಲ್ ಇದ್ದರೆ ಬೂಟ್ ಸ್ವಲ್ಪ ಉಬ್ಬುವ ತನಕ ಗ್ರೀಸ್ ತುಂಬಿ, ಒಡೆಯುವ ತನಕ ಅಲ್ಲ.

ಚಕ್ರ ಹಾಕಿ ಗಾಡಿ ಇಳಿಸಿ, ಚಕ್ರದ ನಟ್‌ಗಳನ್ನು ನೆಲದ ಮೇಲೆ ಟಾರ್ಕಿಗೆ ಬಿಗಿ ಮಾಡಿ. ಸ್ಟಿಯರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಎಲ್ಲಿಯೂ ತಾಗಬಾರದು. ಗಾಡಿಯನ್ನು ಸ್ವಲ್ಪ ಮುಂದಕ್ಕೆ ಉರುಳಿಸಿ ನಿಲ್ಲಿಸಿ, ಎರಡೂ ಮುಂದಿನ ಟೈರ್‌ಗಳ ಒಂದೇ ಗೆರೆಯ ನಡುವಿನ ದೂರವನ್ನು ಚಕ್ರದ ಮುಂಭಾಗದಲ್ಲೂ ಹಿಂಭಾಗದಲ್ಲೂ, ಹಬ್‌ನ ಎತ್ತರದಲ್ಲಿ ಟೇಪ್ ಹಿಡಿದು ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಬಂದರೆ ಅಲೈನ್‌ಮೆಂಟ್ ಅಂಗಡಿಯ ತನಕ ನಿಧಾನವಾಗಿ ಹೋಗಬಹುದು. ಇದು ಅಲೈನ್‌ಮೆಂಟಿಗೆ ಬದಲು ಅಲ್ಲ, ಅಲ್ಲಿಗೆ ತಲುಪುವುದಕ್ಕೆ ಮಾತ್ರ.

ಬದಲಿಸಿದ ಮೇಲೂ ಸರಿಯಾಗಿಲ್ಲ

ಸ್ಟಿಯರಿಂಗ್ ಸೊಟ್ಟ ನಿಂತರೆ ಅಥವಾ ತಿರುವಿನಲ್ಲಿ ಟೈರ್ ಕಿರುಗುಟ್ಟಿದರೆ ಟೋ ತಪ್ಪಿದೆ, ಅಲೈನ್‌ಮೆಂಟ್ ಮಾಡಿಸಿದರೆ ಹೋಗುತ್ತದೆ. ಪ್ಲೇ ಹಾಗೇ ಇದ್ದರೆ ಇನ್ನೊಂದು ಬದಿಯ ಎಂಡ್, ಒಳಗಿನ ಜಾಯಿಂಟ್‌ಗಳು, ಆಮೇಲೆ ರ್ಯಾಕ್ ಈ ಕ್ರಮದಲ್ಲಿ ಸ್ಟಿಯರಿಂಗ್ ಆಡಿಸುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಎರಡೂ ಬದಿ ಒಟ್ಟಿಗೇ ಬದಲಿಸಲೇಬೇಕು ಅನ್ನುವ ನಿಯಮ ಇಲ್ಲ. ಆದರೆ ಎರಡೂ ಒಂದೇ ರಸ್ತೆಯಲ್ಲಿ ಅಷ್ಟೇ ಓಡಿವೆ, ಒಂದು ಹೋಗಿದ್ದರೆ ಇನ್ನೊಂದನ್ನೂ ನೋಡದೆ ಬಿಡಬೇಡಿ. ಬದಲಿಸುವುದಿದ್ದರೆ ಈಗಲೇ ಬದಲಿಸಿದರೆ ಒಂದೇ ಅಲೈನ್‌ಮೆಂಟಿನಲ್ಲಿ ಮುಗಿಯುತ್ತದೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ವಾಪಸ್ ಬರುತ್ತಿಲ್ಲವಾದರೆ ಸ್ಟ್ರಟ್ ಬೇರಿಂಗ್, ಕಾಲಂ ಕ್ರಾಸ್ ಜಾಯಿಂಟ್ ಬಿಗಿಯಾಗಿವೆಯಾ ಅಂತ ತೋರಿಸಿ. ಅದು ನೀವು ಹಾಕಿದ ಎಂಡ್‌ನ ತಪ್ಪಾಗಿರುವ ಸಾಧ್ಯತೆ ಕಡಿಮೆ.

ಅಲೈನ್‌ಮೆಂಟ್ ಮುಗಿಸಿ ಬಂದ ಮೇಲೆ ಲಾಕ್ ನಟ್ಟಿನಿಂದ ಎಂಡ್‌ನ ಮೇಲಕ್ಕೆ ಹಾದುಹೋಗುವಂತೆ ಪೇಂಟಿನ ಒಂದು ಗೆರೆ ಎಳೆಯಿರಿ. ಒಂದೆರಡು ವಾರ ಓಡಿಸಿದ ಮೇಲೆ ನೋಡಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ಲಾಕ್ ನಟ್ ಸಡಿಲವಾಗಿದೆ. ಬಿಗಿ ಮಾಡಿ, ಟೋ ಇನ್ನೊಮ್ಮೆ ನೋಡಿಸಿ.